ನನ್ನ ಹೆಸರಿನಲ್ಲಿರುವ ತಪ್ಪು

ತಂಗಿಗೆ ಗಂಡು ನೋಡುತ್ತಿದ್ದ ಕಾಲ. ಹುಡುಗನ ಬಯೋಡೇಟಾ ವಾಟ್ಸಾಪಿನಲ್ಲಿ ಬಂದು ಬಿದ್ದ ರಾತ್ರಿ ನಾನು ಮಾಡಿದ ಮೊದಲ ಕೆಲಸ ಜಾತಕ ನೋಡಿದ್ದಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಇ-ಕೋರ್ಟ್ಸ್ ತೆಗೆದೆ. ರಾಜ್ಯ, ಜಿಲ್ಲೆ, ಕೋರ್ಟು ಆರಿಸಿ, ಹುಡುಗನ ಹೆಸರು ಮತ್ತು ವರ್ಷ ಹಾಕಿ, ಕ್ಯಾಪ್ಚಾ ಟೈಪ್ ಮಾಡಿದೆ. ಒಂದೊಂದೇ ವರ್ಷ ಹಿಂದಕ್ಕೆ ಹೋದೆ.

ಈ ಚಟ ಹತ್ತಿದ್ದು 2023ರ ಫೆಬ್ರವರಿಯಲ್ಲಿ. ಟ್ರಾಫಿಕ್ ದಂಡಕ್ಕೆ ಸರ್ಕಾರ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತ್ತಲ್ಲ, ಆವಾಗ. ತಪ್ಪಿಗೂ ಆಷಾಢದ ಸೇಲ್ ಬಂದ ಹಾಗೆ ಜನ ಸಾಲು ನಿಂತರು. ಒಂಬತ್ತೇ ದಿನದಲ್ಲಿ ನೂರು ಕೋಟಿಗೂ ಹೆಚ್ಚು ದಂಡ ಜಮಾ ಆಯಿತು. ನಮ್ಮ ಆಫೀಸಿನ ಪ್ಯಾಂಟ್ರಿಯಲ್ಲಿ ಎಲ್ಲರೂ ಮೊಬೈಲ್ ಹಿಡಿದು ಮೊದಲು ತಮ್ಮ ಗಾಡಿ ನಂಬರ್ ಹಾಕಿ ನೋಡಿದರು. ಆಮೇಲೆ ಮ್ಯಾನೇಜರ್ ಗಾಡಿ, ಆಮೇಲೆ ಬಿಲ್ಡಿಂಗ್ ಓನರ್ ಗಾಡಿ. ಸಿಗ್ನಲ್ ಜಂಪ್ ಮಾಡಿದವರ ಫೋಟೋ ನೋಡಿ ನಕ್ಕಿದ್ದೇ ನಕ್ಕಿದ್ದು. ಅಲ್ಲಿಂದ ಕೋರ್ಟಿನ ದಾಖಲೆ ಹುಡುಕುವುದು ಒಂದೇ ಹೆಜ್ಜೆ. 2007ರಲ್ಲಿ ಶುರುವಾದ ಇ-ಕೋರ್ಟ್ಸ್ ಯೋಜನೆಯಿಂದಾಗಿ ಈಗ ತಾಲ್ಲೂಕು ಕೋರ್ಟಿನ ಕೇಸುಗಳೂ ಮೊಬೈಲಿಗೆ ಬರುತ್ತವೆ. ಪ್ರತಿ ಕೇಸಿಗೂ ಹದಿನಾರು ಅಕ್ಷರ-ಅಂಕಿಗಳ ಒಂದು ಸಿಎನ್‌ಆರ್ ನಂಬರು. ಯಾವ ಕಾಯ್ದೆ, ಯಾವ ಸೆಕ್ಷನ್, ಯಾವ ದಿನ ವಿಲೇವಾರಿ, ಹೇಗೆ ವಿಲೇವಾರಿ, ಎಲ್ಲ ಉಂಟು.

ನಮ್ಮ ಕಡೆ ಹೆಸರಿನ ಮೇಲೆ ಹುಡುಕುವುದು ಸುಲಭವಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ನಾನು ತಳಕಿನವನು. ಕನ್ನಡ ಓದುವವರಿಗೆ ನಮ್ಮೂರು ತ.ರಾ.ಸು. ಅವರ ‘ತ’ ಅಕ್ಷರದಲ್ಲಿ, ತಳುಕಿನ ವೆಂಕಣ್ಣಯ್ಯನವರ ಹೆಸರಿನಲ್ಲಿ ಸಿಗುತ್ತದೆ. ಮಿಕ್ಕವರಿಗೆ ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಸಿಗುತ್ತದೆ. ಪಕ್ಕದಲ್ಲೇ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ. ಹಾಗಾಗಿ ಮನೆಗೊಬ್ಬ ತಿಪ್ಪೇಸ್ವಾಮಿ. ಆ ಹೆಸರು ಹಾಕಿ ಹುಡುಕಿದರೆ ಪುಟಗಟ್ಟಲೆ ಬರುತ್ತಾರೆ. ಇಂಗ್ಲಿಷ್ ಸ್ಪೆಲಿಂಗು ಒಬ್ಬೊಬ್ಬರದು ಒಂದೊಂದು. ಯಾವ ತಿಪ್ಪೇಸ್ವಾಮಿ ಜಮೀನಿನ ದಾವೆಯವನು, ಯಾವ ತಿಪ್ಪೇಸ್ವಾಮಿ ಹೆಲ್ಮೆಟ್ ಹಾಕದವನು, ದೇವರಿಗೇ ಗೊತ್ತು.

ಆದರೆ ಈ ಹುಡುಗನ ಹೆಸರು ಅಪರೂಪದ್ದು. ಇನಿಶಿಯಲ್ಲೂ ಸೇರಿ ಹೊಂದಿಕೊಂಡಿತು. 2019ರ ಒಂದು ಕೇಸು, ಬೆಂಗಳೂರಿನ ಟ್ರಾಫಿಕ್ ಕೋರ್ಟಿನಲ್ಲಿ. ಮೋಟಾರು ವಾಹನ ಕಾಯ್ದೆ, ಸೆಕ್ಷನ್ 185. ಕುಡಿದು ಗಾಡಿ ಓಡಿಸಿದ್ದು. ತಪ್ಪೊಪ್ಪಿಗೆ, ದಂಡ, ವಿಲೇವಾರಿ.

ಸಾಮಾನ್ಯ ದಂಡದ ಹಾಗೆ ಪೊಲೀಸರ ಹತ್ತಿರವೇ ಕಟ್ಟಿ ಮುಗಿಸುವ ಸೆಕ್ಷನ್ ಅಲ್ಲ ಇದು. ಕೋರ್ಟಿಗೇ ಹೋಗಬೇಕು. 2019ರ ಸೆಪ್ಟೆಂಬರ್ 1ಕ್ಕೆ ಜಾರಿಯಾದ ತಿದ್ದುಪಡಿಯ ಮೇಲೆ ಮೊದಲ ಸಲಕ್ಕೆ ಹತ್ತು ಸಾವಿರ ರೂಪಾಯಿ ದಂಡ, ಇಲ್ಲಾ ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಸ್ಕ್ರೀನ್‌ಶಾಟ್ ತೆಗೆದೆ. ನಿಜ ಹೇಳಬೇಕೆಂದರೆ ಆ ಕ್ಷಣ ನನಗಾದದ್ದು ಬೇಸರವಲ್ಲ, ಖುಷಿ. ಪ್ರೊಡಕ್ಷನ್‌ನಲ್ಲಿ ಬಗ್ ಯಾರೂ ಹಿಡಿಯದೇ ಇದ್ದಾಗ ನಾನು ಹಿಡಿದೆ ಅನ್ನೋ ಥರದ ಖುಷಿ.

ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿದೆ. ಅವ್ವ ಎಲ್ಲ ಕೇಳಿಸಿಕೊಂಡು, “ಅಲ್ಲಪ್ಪ, ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀನು ಒಂದು ನಿಜ ಹುಡುಕಿ ಮದುವೆ ಮುರಿಯಕ್ಕೆ ಹೊಂಟಿದ್ದೀಯಲ್ಲ” ಅಂದಳು. ಸ್ವಲ್ಪ ಹೊತ್ತು ಬಿಟ್ಟು, “ಅದರಾಗೆ ನಿನ್ನ ಹೆಸರೂ ಐತಾ?” ಅಂತ ಕೇಳಿದಳು.

ಐತೆ.

ಅದರ ಕಥೆ ಹೀಗೆ. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು, ನಾಲ್ಕಾರು ವರ್ಷಕ್ಕೆ ಕಾರು ತಗೊಂಡಾಗ ಹಳೇ ಬೈಕನ್ನು ಊರಲ್ಲಿ ಬಿಟ್ಟೆ. ಆರ್‌ಸಿ ನನ್ನ ಹೆಸರಿನಲ್ಲೇ ಉಳಿಯಿತು. ಅಪ್ಪ ಹೊಲಕ್ಕೆ ಹೋಗುವುದೂ ಅದರಲ್ಲೇ, ಶೇಂಗಾ ಬೀಜ ತರುವುದೂ ಅದರಲ್ಲೇ. ಪಕ್ಕದ ಮನೆಯವರು ಆಸ್ಪತ್ರೆಗೆ ಅಂತ ಕೇಳಿದರೆ ಕೀಲಿ ಮೊಳೆಗೆ ನೇತುಹಾಕಿರುತ್ತಿತ್ತು, ತಗೊಂಡು ಹೋಗೋದು. ಹಳ್ಳಿಯಲ್ಲಿ ಬೈಕು ಒಬ್ಬರದಲ್ಲ. ಎಲ್ಲರಿಗಿಂತ ಹೆಚ್ಚು ಓಡಿಸುತ್ತಿದ್ದವನು ಚಿಕ್ಕಪ್ಪನ ಮಗ. ಅವನಿಗೆ ಲೈಸೆನ್ಸ್ ಇರಲಿಲ್ಲ. ಇಲ್ಲ ಅಂತ ನನಗೆ ಗೊತ್ತಿತ್ತು.

2021ರಲ್ಲಿ ಒಂದು ದಿನ ಅವನು ಇಬ್ಬರು ಗೆಳೆಯರನ್ನು ಕೂರಿಸಿಕೊಂಡು ಹೋಗುವಾಗ ಪೊಲೀಸರು ಕೈ ಅಡ್ಡ ಹಿಡಿದಿದ್ದಾರೆ. ಇವನು ನಿಲ್ಲಿಸಿಲ್ಲ. ಹಿಂದಿನಿಂದ ಒಂದು ಫೋಟೋ ಬಿತ್ತು. ಮೂರು ಬೆನ್ನು, ಮೂರು ಬರಿತಲೆ, ಒಂದು ನಂಬರ್ ಪ್ಲೇಟು. ನೋಟಿಸು ಊರಿನ ವಿಳಾಸಕ್ಕೆ ಬಂತು, ನನ್ನ ಹೆಸರಿಗೆ. ಅದನ್ನು ಅಪ್ಪ ಟ್ರಂಕಿನಲ್ಲಿ ಜೋಪಾನವಾಗಿಟ್ಟರು. ನನಗೆ ಗೊತ್ತಾದದ್ದು ಕೋರ್ಟಿನ ಸಮನ್ಸ್ ಬಂದ ಮೇಲೆ.

ಚಿಕ್ಕಪ್ಪ ಫೋನ್ ಮಾಡಿದರು. ಹುಡುಗ ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದುತ್ತಿದ್ದ. “ಅವನ ಹೆಸರಾಗೆ ಕೇಸು ಬಿದ್ರೆ ವೆರಿಫಿಕೇಶನ್‌ನಾಗೆ ಹೊಡೀತಾರೆ ಕಣಪ್ಪ. ನಿಂದು ಕಂಪ್ನಿ ಕೆಲಸ. ನಿನಗೇನಾಗ್ತದೆ? ಹೋಗಿ ಒಪ್ಕಂಡು ದಂಡ ಕಟ್ಟಿ ಬಂದುಬಿಡು.”

ಕಾಯ್ದೆಯ ಸೆಕ್ಷನ್ 133 ಏನು ಹೇಳುತ್ತದೆ ಅಂತ ಆಮೇಲೆ ಓದಿದೆ. ಪೊಲೀಸರು ಕೇಳಿದರೆ ಆ ದಿನ ಗಾಡಿ ಓಡಿಸಿದವರು ಯಾರು, ಅವರ ವಿಳಾಸ ಏನು, ಲೈಸೆನ್ಸ್ ಯಾವುದು ಅಂತ ಮಾಲೀಕ ಹೇಳಬೇಕು. ಕಾನೂನು ಮಾಲೀಕನಿಂದ ಬಯಸುವುದು ದುಡ್ಡಿಗಿಂತ ಮೊದಲು ಒಂದು ಉತ್ತರ. ನಾನು ಉತ್ತರ ಕೊಡಲಿಲ್ಲ, ದುಡ್ಡು ಕೊಟ್ಟೆ.

ಆ ಕೋರ್ಟಿನ ಹೆಸರು ಬೇಡ. ವರಾಂಡದಲ್ಲಿ ಎರಡು ಗಂಟೆ ಕಾದೆ, ಒಳಗೆ ಎರಡು ನಿಮಿಷ. “ತಪ್ಪು ಒಪ್ಕೋತೀರಾ?” “ಒಪ್ಕೋತೀನಿ ಸ್ವಾಮಿ.” ಅಷ್ಟೇ. ಕಟ್ಟಿದ ದಂಡ ಬೆಂಗಳೂರಿನ ನನ್ನ ಒಂದು ವೀಕೆಂಡ್ ಖರ್ಚಿಗಿಂತ ಕಡಿಮೆ. ವಾಪಸ್ ಬರುವಾಗ ಚಿಕ್ಕಪ್ಪ ನನ್ನ ಭುಜದ ಮೇಲೆ ಕೈ ಇಟ್ಟು, “ಮನೆತನ ಅಂದ್ರೆ ಹಿಂಗಿರಬೇಕು” ಅಂದರು. ನಾನೂ ಹೆಮ್ಮೆ ಪಟ್ಟೆ.

ಒಂದು ವಿಷಯ ಮಾತ್ರ ಇವತ್ತಿಗೂ ತಲೆಯಲ್ಲಿ ಕೂತಿದೆ. ಫೋಟೋದಲ್ಲಿ ತಾರೀಕು, ಸಮಯ ಎರಡೂ ಇತ್ತು. ಆ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಒಂದು ರಿಲೀಸ್ ಕಾಲ್‌ನಲ್ಲಿದ್ದೆ. ಅದಕ್ಕೂ ಲಾಗ್ ಇದೆ. ಕಂಪನಿಯ ಸರ್ವರ್ ಪ್ರಕಾರ ನಾನು ಬೆಂಗಳೂರಲ್ಲಿ, ಕೋರ್ಟಿನ ದಾಖಲೆ ಪ್ರಕಾರ ನಾನು ಬೈಕ್ ಮೇಲೆ. ಎರಡು ಡೇಟಾಬೇಸ್ ಒಂದಕ್ಕೊಂದು ಹೊಂದುವುದಿಲ್ಲ. ಇನ್‌ಕನ್ಸಿಸ್ಟೆನ್ಸಿ ಸರಿಮಾಡುವುದೇ ನನ್ನ ಹೊಟ್ಟೆಪಾಡು, ಆದರೆ ಇದನ್ನು ಸರಿಮಾಡುವ ಕ್ವೆರಿ ನನ್ನ ಹತ್ತಿರ ಇಲ್ಲ. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡವನಿಗೆ ಮೇಲ್ಮನವಿಯ ದಾರಿಯೂ ಬಹಳ ಕಿರಿದು. ಶಿಕ್ಷೆ ಹೆಚ್ಚಾಯಿತು, ಕಾನೂನಿಗೆ ಸರಿಯಿಲ್ಲ ಅನ್ನಬಹುದು. ನಾನು ಹೇಳಿದ್ದೇ ಸುಳ್ಳು ಅಂತ ಹೇಳಿಕೊಂಡು ಹೋಗುವುದಕ್ಕೆ ಅಲ್ಲಿ ಬಾಗಿಲಿಲ್ಲ.

ಅವ್ವನ ಪ್ರಶ್ನೆ ಆದ ಮೇಲೆ ಎರಡು ದಿನ ಆ ಸ್ಕ್ರೀನ್‌ಶಾಟನ್ನು ಯಾರಿಗೂ ಕಳಿಸಲಿಲ್ಲ. ಎರಡು ವಿಷಯ ಬೇರೆ ಬೇರೆ ಮಾಡಿ ನೋಡಬೇಕಿತ್ತು. ಹುಡುಕಿದ್ದು ತಪ್ಪಾ? ಸಿಕ್ಕಿದ್ದನ್ನು ನಂಬುವುದು ತಪ್ಪಾ?

ಹುಡುಕಿದ್ದು ಕಾನೂನಿನ ಪ್ರಕಾರ ತಪ್ಪಲ್ಲ. ಕೋರ್ಟು ಅಂದರೆ ತೆರೆದ ಬಾಗಿಲು. ಯಾರು ಬೇಕಾದರೂ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಹಾಗಿರುವುದೇ ಒಳ್ಳೆಯದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ತೀರ್ಪಾದರೆ ನಷ್ಟ ಆಗೋದು ಬಡವನಿಗೆ. ಆದರೆ ಬಸ್ಸು ಹಿಡಿದು, ಒಂದು ದಿನದ ಕೆಲಸ ಕೆಡಿಸಿಕೊಂಡು, ಗುಮಾಸ್ತರಿಗೆ ಅರ್ಜಿ ಕೊಟ್ಟು ಒಂದು ಕೇಸಿನ ವಿಷಯ ತಿಳಿಯುವುದು ಬೇರೆ. ರಾತ್ರಿ ಹಾಸಿಗೆಯಲ್ಲಿ ಮಲಗಿ ಹತ್ತು ಜನರ ಹೆಸರು ಜಾಲಾಡುವುದು ಬೇರೆ. ಮಾಹಿತಿ ಅದೇ, ಪಡೋ ಶ್ರಮ ಬೇರೆ. ಆ ಶ್ರಮವೇ ಒಂದು ಜರಡಿಯಾಗಿತ್ತು. ನಿಜವಾಗಿ ಬೇಕಾದವನು ಮಾತ್ರ ಹೋಗುತ್ತಿದ್ದ, ಸುಮ್ಮನೆ ಕೆದಕುವವನು ಮನೆಯಲ್ಲಿ ಉಳಿಯುತ್ತಿದ್ದ. ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲೇ ಇದನ್ನು ಗುರುತಿಸಿತ್ತು. ಊರೂರಿನ ಕೋರ್ಟು, ಠಾಣೆಗಳಲ್ಲಿ ಚದುರಿ ಬಿದ್ದಿರುವ ಕಾಗದಕ್ಕೂ, ಅದನ್ನೇ ಒಂದು ಕಂಪ್ಯೂಟರಿನಲ್ಲಿ ಗುಡ್ಡೆ ಹಾಕಿದ್ದಕ್ಕೂ ವ್ಯತ್ಯಾಸ ಇದೆ ಅಂತ.

ನಮ್ಮಲ್ಲೂ ಈ ಯೋಚನೆ ಬಂದಿದೆ. 2017ರ ಜನವರಿಯಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ತಂದೆಯೊಬ್ಬರು ಬಂದು, ಹಳೇ ಕೇಸೊಂದರಲ್ಲಿರುವ ಮಗಳ ಹೆಸರು ಇಂಟರ್‌ನೆಟ್ ಹುಡುಕಾಟದಲ್ಲಿ ಸಿಗಬಾರದು ಅಂತ ಕೇಳಿದರು. ನ್ಯಾಯಮೂರ್ತಿ ಆನಂದ್ ಬೈರಾರೆಡ್ಡಿ ಒಪ್ಪಿದರು. ಅದೇ ವರ್ಷ ಆಗಸ್ಟ್ 24ಕ್ಕೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಅಂದರು. ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿಯವರೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ. ಇಂಗ್ಲೆಂಡಿನಲ್ಲಂತೂ 1974ರಿಂದ ಒಂದು ಕಾಯ್ದೆಯೇ ಇದೆ. ಸಣ್ಣ ಶಿಕ್ಷೆಯಾದವನು ಇಂತಿಷ್ಟು ಕಾಲ ಸರಿಯಾಗಿ ನಡೆದುಕೊಂಡರೆ, ಹೆಚ್ಚಿನ ಸಂದರ್ಭಗಳಲ್ಲಿ ಆ ಶಿಕ್ಷೆ ತೀರಿಹೋಯಿತು ಅಂತಲೇ ಲೆಕ್ಕ.

ಇಲ್ಲಿ ಒಂದು ಮೋಹಕ್ಕೆ ಬೀಳುವುದು ಸುಲಭ. ‘ಹಳ್ಳಿಯಲ್ಲಿ ಹೀಗಿರಲಿಲ್ಲ, ಅಲ್ಲಿ ಜನ ಮನುಷ್ಯನನ್ನು ಪೂರ್ತಿಯಾಗಿ ನೋಡುತ್ತಿದ್ದರು’ ಅನ್ನೋ ಮೋಹ. ಸ್ವಲ್ಪ ನಿಜವೂ ಹೌದು. ಊರಲ್ಲಿ ಒಬ್ಬನ ತಪ್ಪಿನ ಜೊತೆಗೆ ಅವನ ಕಷ್ಟವೂ ನೆನಪಿರುತ್ತದೆ. “ಕುಡೀತಾನೆ, ಆದ್ರೆ ಯಾರದಾರೂ ಮಣ್ಣಿಗೆ ಮೊದ್ಲು ಬರೋನು ಅವನೇ” ಅಂತಾರೆ. ಆದರೆ ಅದೇ ಊರಲ್ಲಿ ತಾತ ಕದ್ದ ಕುರಿಯ ಹೆಸರು ಮೊಮ್ಮಗನಿಗೆ ಅಡ್ಡಹೆಸರಾಗಿ ಅಂಟಿಕೊಂಡಿರುವುದನ್ನೂ ನೋಡಿದ್ದೀನಿ. ಆ ಕೇಸಿಗೆ ತಾರೀಕೂ ಇಲ್ಲ, ವಿಲೇವಾರಿಯೂ ಇಲ್ಲ. ಯಾವ ಕೇರಿಯವನ ತಪ್ಪು ಎಷ್ಟು ವರ್ಷ ನೆನಪಿರಬೇಕು ಅನ್ನುವುದಕ್ಕೂ ಊರಿಗೆ ತನ್ನದೇ ಲೆಕ್ಕ ಇದೆ. ಕೋರ್ಟಿನ ದಾಖಲೆ ಕನಿಷ್ಠ ಎಲ್ಲರನ್ನೂ ಒಂದೇ ಕಾಲಂನಲ್ಲಿ ಬರೆಯುತ್ತದೆ, ಕೊನೆಗೆ ‘ಮುಗಿಯಿತು’ ಅಂತ ಹಾಕುತ್ತದೆ. ಊರು ಅದನ್ನು ಯಾವತ್ತೂ ಹಾಕಲ್ಲ.

ಹಾಗಾಗಿ ದಾಖಲೆ ಇರುವುದು ತಪ್ಪಲ್ಲ, ತಂಗಿಯ ಬದುಕಿನ ಪ್ರಶ್ನೆ ಬಂದಾಗ ನೋಡಿದ್ದೂ ಪೂರ್ತಿ ತಪ್ಪಲ್ಲ ಅಂತ ತೀರ್ಮಾನಕ್ಕೆ ಬಂದೆ. ಕುಡಿದು ಗಾಡಿ ಓಡಿಸುವುದು ಸಣ್ಣ ವಿಷಯವೂ ಅಲ್ಲ, ಎದುರಿಂದ ಬರುವವನ ಪ್ರಾಣದ ವಿಷಯ. ಉಳಿದಿದ್ದು ಎರಡನೇ ಪ್ರಶ್ನೆ, ನಂಬುವುದು. ನನ್ನ ಹೆಸರಿನ ಮುಂದೆ ಇರುವುದು ಸುಳ್ಳಾಗಿದ್ದರೆ ಅವನ ಹೆಸರಿನ ಮುಂದೆ ಇರುವುದೂ ಸುಳ್ಳಿರಬಹುದಲ್ಲ? ಅವನೂ ಯಾರದೋ ಭಾರ ಹೊತ್ತಿರಬಹುದಲ್ಲ? ಇದನ್ನು ತಿಳಿಯುವುದಕ್ಕೆ ಒಂದೇ ದಾರಿ. ಕೇಳಬೇಕು.

ಒಂದು ಶನಿವಾರ ದರ್ಶಿನಿಯೊಂದರಲ್ಲಿ ಹುಡುಗನನ್ನು ಭೇಟಿಯಾದೆ. ಕಾಫಿ ಬಂದ ಮೇಲೆ ನೇರವಾಗಿ ಕೇಳಿದೆ. ಅವನ ಮುಖ ಕೆಂಪಾಯಿತು. ಆದರೆ ಮಾತು ತಡವರಿಸಲಿಲ್ಲ.

“ಹೌದು ಸಾರ್, ನಂದೇ. ಫ್ರೆಂಡ್ ಬರ್ತ್‌ಡೇ ಇತ್ತು. ಯಾರಿಗೂ ಏನೂ ಆಗ್ಲಿಲ್ಲ, ಅದು ನನ್ನ ಪುಣ್ಯ. ಗಾಡಿ ಅಲ್ಲೇ ಹಿಡ್ಕೊಂಡ್ರು, ರಾತ್ರಿ ನಡ್ಕೊಂಡೇ ರೂಮಿಗೆ ಹೋದೆ. ಕುಡಿಯೋದು ಪೂರ್ತಿ ಬಿಟ್ಟಿದ್ದೀನಿ ಅಂತ ಹೇಳಲ್ಲ. ಕುಡಿದ ದಿನ ಕೀಲಿ ಮುಟ್ಟಲ್ಲ. ನಿಮ್ಮ ತಂಗಿಗೆ ನಾನೇ ಹೇಳ್ಬೇಕು ಅಂತಿದ್ದೆ.”

ಆಮೇಲೆ ಒಂದು ಗುಟುಕು ಕಾಫಿ ಕುಡಿದು, ಮೆಲ್ಲಗೆ, “ನಿಮ್ಮ ಹೆಸರಲ್ಲೂ ಒಂದಿದೆ ಅಲ್ವಾ ಸಾರ್? ತಪ್ಪು ತಿಳ್ಕೋಬೇಡಿ, ನಮ್ಮಕ್ಕ ನೋಡಿದ್ರು” ಅಂದ.

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಹುಡುಕುವವನು ತಾನೊಬ್ಬನೇ ಅಂತ ಹುಡುಕುವವರೆಲ್ಲ ಅಂದುಕೊಂಡಿರುತ್ತಾರೆ. ಆ ಕ್ಷಣ ಎದುರಿಗೆ ಚಿಕ್ಕಪ್ಪನ ಮುಖ ಬಂತು, ಮನೆತನ ಬಂತು. ಎದುರು ಪಕ್ಷದವರ ಮುಂದೆ ನಮ್ಮ ಹುಡುಗನ ಮಾನ ಯಾಕೆ ತೆಗೀಬೇಕು ಅನ್ನಿಸಿತು.

“ಹೌದು, ನಂದೇ. ಊರಿಗೆ ಹೋದಾಗ ಒಂದ್ಸಲ ಹಂಗಾಗಿತ್ತು” ಅಂದೆ.

ಕೋರ್ಟಿನಲ್ಲಿ ಸುಳ್ಳು ಹೇಳಿದಾಗ ಎದುರಿಗೆ ಕಾನೂನಿತ್ತು, ಅದಕ್ಕೆ ಮುಖ ಇರಲಿಲ್ಲ. ಇಲ್ಲಿ ಒಬ್ಬ ಮನುಷ್ಯ ತನ್ನ ನಾಚಿಕೆಯನ್ನು ಟೇಬಲ್ ಮೇಲೆ ಇಟ್ಟು ಕೂತಿದ್ದ. ಅವನ ಪರೀಕ್ಷೆ ಮಾಡಲು ಹೋದವನು ನಾನು. ಫೇಲಾದವನೂ ನಾನೇ.

ಆ ರಾತ್ರಿ ತಂಗಿಗೆ ಎಲ್ಲ ಹೇಳಿದೆ. ಅವನ ಕೇಸು, ನನ್ನ ಕೇಸು, ದರ್ಶಿನಿಯಲ್ಲಿ ಹೇಳಿದ ಸುಳ್ಳು. ಅವಳು ಬಹಳ ಹೊತ್ತು ಸುಮ್ಮನಿದ್ದು, “ಅಣ್ಣ, ನೀನು ನನಗೆ ಹೇಳ್ದೆ ಅವನನ್ನ ಹುಡುಕ್ದೆ, ನನಗೆ ಹೇಳ್ದೆ ಹೋಗಿ ಭೇಟಿ ಮಾಡ್ದೆ. ಮದುವೆ ನಂದು. ಕೇಳೋದಿದ್ರೆ ನಾನು ಕೇಳ್ತಿದ್ದೆ” ಅಂದಳು. ಆಮೇಲೆ, “ಅವನಾದ್ರೂ ಮಾಡಿದ್ದನ್ನ ಮಾಡಿದ್ದೀನಿ ಅಂದ” ಅಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು.

ನಾಯಕನಹಟ್ಟಿ ಸ್ವಾಮಿಯ ಮಾತೊಂದು ನಮ್ಮ ಕಡೆ ಆಟೋ ಹಿಂದೆ, ಲಾರಿ ಹಣೆಯ ಮೇಲೆ ಎಲ್ಲಾ ಕಡೆ ಬರೆದಿರುತ್ತೆ. ಮಾಡಿದಷ್ಟು ನೀಡು ಭಿಕ್ಷೆ. ಚಿಕ್ಕಂದಿನಿಂದ ಅದನ್ನು ಕೂಲಿಯ ಲೆಕ್ಕದ ಹಾಗೆ ಅರ್ಥ ಮಾಡಿಕೊಂಡಿದ್ದೆ, ದುಡಿದಷ್ಟು ಫಲ ಅಂತ. ಈಗ ಅದು ತಪ್ಪಿಗೂ ಸಲ್ಲುತ್ತದೆ ಅನ್ನಿಸುತ್ತದೆ. ಮಾಡಿದಷ್ಟೇ. ಮಾಡದ್ದನ್ನು ನಾನು ಜೋಳಿಗೆಗೆ ಹಾಕಿಕೊಂಡೆ. ಮಾಡಿದವನ ಜೋಳಿಗೆ ಖಾಲಿ ಉಳಿಯಿತು.

ಖಾಲಿ ಉಳಿದದ್ದರ ಕಥೆಯೂ ಇದೆ. ಕೋರ್ಟಿನ ಆ ದಿನ ಆಗಿ ಒಂದು ವರ್ಷದ ಮೇಲೆ ತಮ್ಮ ಅದೇ ಬೈಕಿನಲ್ಲಿ, ಹೆಲ್ಮೆಟ್ ಇಲ್ಲದೆ, ಲೈಸೆನ್ಸೂ ಇಲ್ಲದೆ, ರಾತ್ರಿ ಹೊತ್ತು ಬಿದ್ದ. ತಲೆ ಉಳಿಯಿತು. ಕಾಲಿಗೆ ರಾಡು ಹಾಕಿದರು. ಓಟದ ಪರೀಕ್ಷೆ ಇರುವ ಕಾನ್‌ಸ್ಟೇಬಲ್ ಕೆಲಸದ ಆಸೆ ಅಲ್ಲಿಗೆ ಮುಗಿಯಿತು. ನನ್ನ ಸುಳ್ಳಿನಿಂದಲೇ ಹೀಗಾಯಿತು ಅಂದರೆ ಅದೂ ಒಂದು ಜಂಭವೇ. ಕೋರ್ಟಿಗೆ ಅವನೇ ಹೋಗಿದ್ದರೂ ಬೀಳಬಹುದಿತ್ತು. ಆದರೆ ಆ ಎರಡು ನಿಮಿಷ ಅಲ್ಲಿ ನಿಂತು “ಒಪ್ಕೋತೀನಿ ಸ್ವಾಮಿ” ಅನ್ನುವ ಅವಕಾಶ ಅವನದಾಗಿತ್ತು. ಅದನ್ನು ಪ್ರೀತಿಯ ಹೆಸರಿನಲ್ಲಿ ನಾನು ಕಸಿದುಕೊಂಡೆ.

ನನ್ನ ನಿಜವಾದ ತಪ್ಪು ಯಾವ ದಾಖಲೆಯಲ್ಲೂ ಇಲ್ಲ ಅನ್ನುವುದು ಇನ್ನೊಂದು ತಮಾಷೆ. ಅದೇ ಕಾಯ್ದೆಯ ಸೆಕ್ಷನ್ 180 ಓದಿ. ಲೈಸೆನ್ಸ್ ಇಲ್ಲದವನಿಗೆ ಗಾಡಿ ಓಡಿಸಲು ಬಿಟ್ಟ ಮಾಲೀಕನಿಗೆ ಮೂರು ತಿಂಗಳವರೆಗೆ ಜೈಲು, ಇಲ್ಲಾ ಐದು ಸಾವಿರ ದಂಡ, ಇಲ್ಲಾ ಎರಡೂ. ಕೀಲಿ ಮೊಳೆಗೆ ನೇತುಹಾಕಿದವನು ನಾನು. ಮಾಡದ ತಪ್ಪು ಒಪ್ಪಿಕೊಂಡು ದೊಡ್ಡವನಾದೆ, ಮಾಡಿದ ತಪ್ಪನ್ನು ಯಾರೂ ಕೇಳಲಿಲ್ಲ. ಇ-ಕೋರ್ಟ್ಸ್‌ನಲ್ಲಿ ನನ್ನ ಹೆಸರು ಹುಡುಕಿದವರಿಗೆ ಒಬ್ಬ ತಪ್ಪಿತಸ್ಥ ಸಿಗುತ್ತಾನೆ. ತಪ್ಪಿತಸ್ಥ ಅನ್ನೋದು ಸರಿ, ಸೆಕ್ಷನ್ ಮಾತ್ರ ಬೇರೆ.

ಈಗ ವರ್ಚುವಲ್ ಕೋರ್ಟು ಬಂದಿದೆ. ಮೊಬೈಲಿನಲ್ಲೇ ಎರಡು ದಾರಿ. ದಂಡ ಕಟ್ಟುತ್ತೇನೆ, ಇಲ್ಲಾ ಕೇಸು ನಡೆಸುತ್ತೇನೆ. ಮೊದಲನೆಯದು ಒತ್ತಿದರೆ ಓಟಿಪಿ, ಪೇಮೆಂಟು, ಮುಗಿಯಿತು. ಎರಡನೆಯದಕ್ಕೆ ರಜೆ ಹಾಕಬೇಕು, ವಕೀಲರನ್ನು ಹಿಡಿಯಬೇಕು. ನಾವು ಇಂಜಿನಿಯರುಗಳು ಯಾವ ಬಟನ್ ಸುಲಭವೋ ಜನ ಅದನ್ನೇ ಒತ್ತುತ್ತಾರೆ ಅಂತ ಬಲ್ಲೆವು. ಮಾಡಿರಲಿ, ಬಿಡಲಿ, ಒಪ್ಪಿಕೊಳ್ಳುವುದು ಅಗ್ಗವಾಗಿದೆ. ಅದರ ಬಗ್ಗೆ ದೂರಿಲ್ಲ, ಕೋರ್ಟುಗಳ ಮೇಲಿನ ಹೊರೆ ಇಳಿಯಲೇಬೇಕು. ಆದರೆ ನೀವು ಬಟನ್ ಒತ್ತುವಾಗ ಒಂದು ಕ್ಷಣ ಯೋಚಿಸಿ. ಆ ದಿನ ಗಾಡಿ ಯಾರ ಕೈಲಿತ್ತು? ನಾಳೆ ಯಾರೋ ಹಾಸಿಗೆಯಲ್ಲಿ ಮಲಗಿ ನಿಮ್ಮ ಹೆಸರು ಹುಡುಕುತ್ತಾರೆ. ಅವರು ನಿಮ್ಮನ್ನು ಕೇಳುತ್ತಾರೆ ಅನ್ನುವ ಗ್ಯಾರಂಟಿ ಇಲ್ಲ.

ಸೋಮವಾರ ಹುಡುಗನಿಗೆ ಫೋನ್ ಮಾಡಿ, ದರ್ಶಿನಿಯಲ್ಲಿ ಹೇಳಿದ್ದು ಸುಳ್ಳು ಅಂದೆ. ತಮ್ಮನ ಹೆಸರು ಹೇಳಲಿಲ್ಲ, “ಗಾಡಿ ನಂದು, ಓಡಿಸಿದ್ದು ನಾನಲ್ಲ” ಅಂತ ಅಷ್ಟೇ ಹೇಳಿದೆ. ಅವನು, “ಪರವಾಗಿಲ್ಲ ಸಾರ್” ಅಂದ. ಆಮೇಲೆ ಅವನು, ನನ್ನ ತಂಗಿ ಏನು ಮಾತಾಡಿಕೊಂಡರು, ಏನು ತೀರ್ಮಾನ ಮಾಡಿದರು ಅನ್ನುವುದು ಅವರದು. ಇಲ್ಲಿ ಬರೆಯಲ್ಲ.

ಆ ತಿಂಗಳ ಕೊನೆಗೆ ಊರಿಗೆ ಹೋದೆ. ತಮ್ಮ ಜಗಲಿ ಮೇಲೆ ಕಾಲು ಚಾಚಿ ಕೂತಿದ್ದ. ಬೈಕ್ ರಿಪೇರಿ ಆಗಿ ಬಂದಿತ್ತು. ಬ್ಯಾಗಿನಿಂದ ಫಾರಂ 29, ಫಾರಂ 30 ತೆಗೆದು ಅವನ ಮುಂದೆ ಇಟ್ಟೆ. ಗಾಡಿಯ ಹೆಸರು ಬದಲಾಯಿಸುವ ಕಾಗದ.

“ಯಾಕಣ್ಣ, ಇರ್ಲಿ ಬಿಡು ನಿನ್ ಹೆಸರಾಗೆ” ಅಂದ.

“ಮೊದ್ಲು ಲೈಸೆನ್ಸ್ ಮಾಡಿಸ್ಕೋ. ಆಮೇಲೆ ಸೈನ್ ಹಾಕು. ಇನ್ಮೇಲೆ ಬರೋದೆಲ್ಲ ನಿನ್ ಹೆಸರಿಗೇ ಬರ್ಲಿ” ಅಂದೆ.

ಒಳಗಿಂದ ಚಿಕ್ಕಪ್ಪ ನೋಡುತ್ತಿದ್ದರು. ಮನೆತನದ ಮಾತು ಈ ಸಲ ಬರಲಿಲ್ಲ. ತಮ್ಮ ಫಾರಂ ಮಡಚಿ ಜೇಬಿಗೆ ಇಟ್ಟುಕೊಂಡ. ನಾನು ಎದ್ದು ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದು, ಅವನಿಗೆ ಲೈಸೆನ್ಸ್ ಬರುವವರೆಗೆ ಇರಲಿ ಅಂತ, ಅಪ್ಪನ ಕೈಗೆ ಕೊಟ್ಟೆ.